ಮಾವಯ್ಯನ ಮೂರು ಕೋವಿ

ಎಲ್ರೂ ಕೇಳ್ತಾ ಇದೀರಿ, ಜಗಲಿ ಗೋಡೆ ಮೇಲಿದ್ದ ಕೋವಿಗಳೆಲ್ಲ ಎಂತಾದ್ವು ಅಂತ. ಫೋನಲ್ಲಿ ಒಬ್ರಿಗೆ ಒಂದು ತುಂಡು, ಇನ್ನೊಬ್ರಿಗೆ ಇನ್ನೊಂದು ತುಂಡು ಹೇಳಿ ಹೇಳಿ ಈಗ ಒಬ್ಬೊಬ್ರ ಬಾಯಲ್ಲಿ ಒಂದೊಂದು ಕಥೆ ಆಗಿದೆ. ಮಾರಿ ದುಡ್ಡು ಮಾಡ್ಕಂಡ್ರು ಅನ್ನೋರು ಕೆಲವ್ರು. ಪೊಲೀಸ್ರು ಎತ್ಕಂಡು ಹೋದ್ರು ಅನ್ನೋರು ಕೆಲವ್ರು. ಅದ್ಕೆ ಒಂದೇ ಸಲ ಕೂತು ಬರೀತಾ ಇದೀನಿ. ನಾದಿನಿಯರು, ಓರಗಿತ್ತಿಯರು, ಪಕ್ಕದ ಮನೆ ಅಕ್ಕಂದಿರು ಎಲ್ಲ ಓದ್ಕಳಿ. ಉದ್ದ ಆಯ್ತು ಅಂತ ಬೈಬೇಡಿ, ಮಾವಯ್ಯನ ವಿಷ್ಯ ಗಿಡ್ಡದಲ್ಲಿ ಮುಗಿಯಾದಲ್ಲ.

ನಮ್ಮ ಮಾವಯ್ಯ ಹುಟ್ಟಿದ್ದು 1933ರಲ್ಲಿ. ಹದಿನಾಲ್ಕನೇ ವಯಸ್ಸಿಗೆ ಅವ್ರಪ್ಪಯ್ಯನ ಕೋವಿ ಹಿಡ್ದೋರು, ಎಂಬತ್ತೊಂಬತ್ತನೇ ವಯಸ್ಸಲ್ಲಿ ತೀರ್ಕಳಾ ಹಿಂದಿನ ತಿಂಗಳೂ ಅದ್ನ ಒರ್ಸಿ ಇಟ್ಟೋರು. ಊರಲ್ಲಿ ಅವ್ರನ್ನ ಶಿಕಾರಿ ಗೌಡ್ರು ಅಂತಿದ್ರು. ಆದ್ರೆ ನಾನು ಈ ಮನೆಗೆ ಬಂದಿದ್ದು 1990ರಲ್ಲಿ. ಅಷ್ಟೊತ್ತಿಗೆ ಅವ್ರು ಶಿಕಾರಿ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಬೇಟೆ ಬಿಟ್ಟ್ರೂ ಕೋವಿ ಬಿಡ್ಲಿಲ್ಲ. ನಾ ಕಂಡಿದ್ದು ಕೋವಿ ನೋಡ್ಕಳಾ ಮಾವಯ್ಯನ್ನ. ಕೊಲ್ಲೋ ಮಾವಯ್ಯನ ಕಥೆ ಎಲ್ಲ ಅತ್ತೆಮ್ಮ, ಚಿಕ್ಕತ್ತೆ ಹೇಳಿದ್ದು, ಒಲೆ ಮುಂದೆ ಕುತ್ಕಂಡು.

ಮೊದಲ್ನೇದು ಕೇಪಿನ ಕೋವಿ. ಅವ್ರಪ್ಪಯ್ಯಂದು, ಅದ್ಕಿಂತ ಮುಂಚೆ ಯಾರ್ದು ಅಂತ ಮನೇಲಿ ಯಾರೂ ಹೇಳಿದ್ದು ಕೇಳಿಲ್ಲ. ಉದ್ದ ಅಂದ್ರೆ ಉದ್ದ, ನಿಲ್ಸಿದ್ರೆ ನನ್ನ ಗಲ್ಲಕ್ಕೆ ಬರ್ತದೆ. ಅದ್ಕೆ ಮದ್ದು ತುಂಬಾದು ಬಾಯಿಂದ. ಮೊದ್ಲು ಅಳತೆ ಮಸಿ ಹಾಕಾದು, ಮೇಲೆ ತೆಂಗಿನ ನಾರು ಇಲ್ಲಾ ಹರಕು ಬಟ್ಟೆ ಇಟ್ಟು ಗಜದ ಕೋಲಲ್ಲಿ ಗುದ್ದಾದು, ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗುದ್ದಾದು. ಹಿಂದ್ಗಡೆ ಸಣ್ಣ ಮೊಲೆ ತೊಟ್ಟಿನಂಥ ಕಡೆ ತಾಮ್ರದ ಕೇಪು ಕೂರ್ಸಾದು. ಕುದ್ರೆ ಬಂದು ಕೇಪಿಗೆ ಹೊಡೀತು ಅಂದ್ರೆ ಕಿಡಿ ಒಳಗೆ ಹೋಗಿ ಮಸಿ ಹತ್ಕಳಾದು. ಒಂದೇ ಈಡು. ತಪ್ತು ಅಂದ್ರೆ ಇನ್ನೊಂದು ತುಂಬಾದ್ರೊಳಗೆ ಹಂದಿ ಮೂರು ಗುಡ್ಡ ದಾಟಿರ್ತದೆ. ಅಥ್ವಾ ತಿರ್ಗಿ ಬಂದಿರ್ತದೆ.

ಈ ಕರಿ ಮಸಿ ಅನ್ನಾದು ಎಂತದು ಅಂದ್ರೆ ನಮ್ಮ ಅಡಿಗೆ ಸಾಮಾನಿನ ಹಂಗೆ ಅಳತೆ ಇರಾದು. ನೂರು ಪಾಲಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಹತ್ತಿದ ಮೇಲೆ ಅರ್ಧದಷ್ಟು ಹೊಗೆ ಆಗಿ ಹೋಗ್ತದೆ, ಉಳ್ದಿದ್ದು ನಳಿಗೆ ಒಳಗೆ ಕರಿ ಜಿಡ್ಡಾಗಿ ಕೂರ್ತದೆ. ಆ ಜಿಡ್ಡು ಗಾಳೀಲಿರೋ ನೀರು ಎಳ್ಕಂಡು ಕಬ್ಬಿಣ ತಿಂತದೆ. ನಮ್ಮ ಕೊಪ್ಪದ ಕಡೆ ಮಳೇಲಿ ಕೇಳ್ಬೇಕೇ? ಉಪ್ಪಿನ ಭರಣೀನೇ ನೀರು ಬಿಡ್ತದೆ. ಅದ್ಕೇ ಶಿಕಾರಿ ಮುಗ್ಸಿ ಗಂಡಸ್ರು ರಾತ್ರಿ ಎಷ್ಟೊತ್ತಿಗೇ ಬರ್ಲಿ, ಹೆಂಗಸ್ರು ಹಂಡೆ ಬಿಸಿನೀರು ಇಟ್ಟಿರ್ಬೇಕಿತ್ತು. ಅದು ಅವ್ರ ಮೈ ತೊಳ್ಯಾಕಲ್ಲ, ಕೋವಿ ಹೊಟ್ಟೆ ತೊಳ್ಯಾಕೆ! ಬಿಸಿನೀರು ಹುಯ್ದು, ಗಜಕ್ಕೆ ಬಟ್ಟೆ ಸುತ್ತಿ ಎಳ್ದು, ಬಟ್ಟೆ ಬೆಳ್ಳಗೆ ಬರಾ ತಂಕ ಎಳ್ದು, ಒಲೆ ಹತ್ರ ಒಣಗ್ಸಿ, ಎಣ್ಣೆ ಬಿಡಾದು. ಅತ್ತೆಮ್ಮ ಹೇಳ್ತಿದ್ರು, "ನಂಗೆ ಬಾಣಂತನಕ್ಕೆ ನೀರು ಕಾಸಿದ್ದಕ್ಕಿಂತ ಕೋವಿಗೆ ಕಾಸಿದ್ದೇ ಹೆಚ್ಚು" ಅಂತ.

ಎರಡ್ನೇದು ಇಂಗ್ಲೀಷ್ ಕೋವಿ. ಜೋಡಿ ನಳಿಗೇದು, ಎರಡು ಕುದ್ರೆ ಇರೋದು. 1957ರಲ್ಲಿ ಕಾಫಿ ಎಸ್ಟೇಟು ಮಾರಿ ಊರಿಗೆ ಹೊರಟ ದೊರೆ ಒಬ್ರ ಹತ್ರ ಮಾವಯ್ಯ ತಗಂಡಿದ್ದು. ಆ ವರ್ಷದ ಅಡಿಕೆ ದುಡ್ಡು ಪೂರ್ತಿ ಅದ್ಕೇ ಹೋಯ್ತು. ಅತ್ತೆಮ್ಮಂಗೆ ಮದ್ವೆ ಆಗಿ ಬಂದ ಹೊಸದ್ರಲ್ಲೇ ಆ ಸುದ್ದಿ ಕಿವಿಗೆ ಬಿತ್ತಂತೆ, ಈ ಮನೇಲಿ ನೆಕ್ಲೇಸಿಗಿಂತ ಕೋವಿ ಮುಂದೆ ಅಂತ ಅವತ್ತೇ ಗೊತ್ತಾಯ್ತಂತೆ.

ಆ ಕೋವಿ ಹನ್ನೆರಡು ಬೋರಿಂದು. ಹನ್ನೆರಡು ಅಂದ್ರೆ ಎಂತದು ಅಂತ ನಾನೂ ಕೇಳಿದ್ದೆ. ಮಾವಯ್ಯ ನಂಗೆ ಅರ್ಥ ಆಗೋ ಹಂಗೆ ಹೇಳಿದ್ರು. ಒಂದು ಪೌಂಡ್ ಸೀಸ ತಗಂಡು, ಅಂದ್ರೆ ಸುಮಾರು 454 ಗ್ರಾಂ, ಸಮ ಹನ್ನೆರಡು ಉಂಡೆ ಕಟ್ಟಿದ್ರೆ ಒಂದೊಂದು ಉಂಡೆ ಎಷ್ಟು ದಪ್ಪ ಬರ್ತದೋ ಅಷ್ಟು ಅಗಲದ ನಳಿಗೆ. ಅದೇ ಹಿಟ್ಟಲ್ಲಿ ಹದಿನಾರು ಉಂಡೆ ಕಟ್ಟಿದ್ರೆ ಉಂಡೆ ಸಣ್ಣ ಆಗ್ತದಲ್ಲ, ಹಂಗೇ ಹದಿನಾರು ಬೋರಿನ ಕೋವಿ ಸಪೂರ. ಸಂಖ್ಯೆ ಹೆಚ್ಚಾದಂಗೆ ನಳಿಗೆ ಸಣ್ಣ. ಚರೆ ಲೆಕ್ಕವೂ ಹಂಗೇ. ಎಂಟು ನಂಬರ್ ಅಂದ್ರೆ ಸಾಸಿವೆ ಹಂಗೆ, ಸಣ್ಣ ಹಕ್ಕಿಗೆ. ನಾಕು, ಆರು ಅಂದ್ರೆ ಕಾಡುಕೋಳಿಗೆ. ಎಲ್.ಜಿ. ಅಂದ್ರೆ ಕಡ್ಲೆಕಾಳಿನ ಹಂಗೆ, ತೋಟಾದಲ್ಲಿ ಬೆರಳೆಣಿಕೆಯಷ್ಟು ಇರ್ತವೆ, ಹಂದಿಗೆ. ಬಲಗಡೆ ನಳಿಗೆ ಚರೆ ಸ್ವಲ್ಪ ಹರಡಿ ಹೊಡೀತದೆ, ಎಡಗಡೆದು ಬಾಯಿ ತುಸು ಬಿಗಿ, ಅದ್ಕೇ ದೂರಕ್ಕೆ ಒತ್ತಾಗಿ ಹೋಗ್ತದೆ. ಮೊದ್ಲು ಬಲ, ಪ್ರಾಣಿ ಓಡಿ ದೂರ ಆದಾಗ ಎಡ.

ಆ ನಳಿಗೆ ಅಂದ ನೋಡಿದೋರಿಗೆ ಗೊತ್ತು. ಮೈಮೇಲೆ ಸಣ್ಣ ಸಣ್ಣ ಸುರುಳಿ, ಅಲೆ, ಹೆಬ್ಬಾವಿನ ಪೊರೆ ಬಿಡ್ಸಿ ಹೊದಿಸಿದಂಗೆ. ಅದ್ನ ಡಮಾಸ್ಕಸ್ ನಳಿಗೆ ಅಂತಾರೆ. ಕಬ್ಬಿಣದ್ದೂ ಉಕ್ಕಿಂದೂ ಪಟ್ಟಿ ಒಟ್ಟಿಗೆ ಹಾಕಿ, ಕಾಸಿ, ನಾವು ಬತ್ತಿ ಹೊಸೆದಂಗೆ ಹೊಸೆದು, ಆಮೇಲೆ ಒಂದು ಸಲಾಕೆಗೆ ಚಕ್ಕುಲಿ ಸುತ್ತಿದಂಗೆ ಸುತ್ತಿ ಬಡಿದು ಬೆಸೆದು ಮಾಡಾದು. ಒಳಗೆ ಬಾಯಿ ಕೊರೆದು ನುಣುಪು ಮಾಡಿದ ಮೇಲೆ ಹೊರಗೆ ಆ ಚಿತ್ತಾರ ಏಳ್ತದೆ. ನಳಿಗೆ ಕೆಳಗೆ ಒಂದು ಬರಹ ಇತ್ತು, ನಾಟ್ ಫಾರ್ ಬಾಲ್ ಅಂತ. ಬಾಯಿ ಬಿಗಿ ಇರೋ ನಳಿಗೆಗೆ ಇಡೀ ಗುಂಡು ಹಾಕ್ಬೇಡಿ, ಚರೆ ಮಾತ್ರ ಹಾಕಿ ಅಂತ ಅರ್ಥ. ಆ ಮುದ್ರೆ ಇಂಗ್ಲೆಂಡಲ್ಲಿ ಒತ್ತಿದ್ದು 1875ರಿಂದ 1887ರವರೆಗೆ ಅಷ್ಟೇ ಅಂತೆ. ಮಾವಯ್ಯ ಭೂತಗನ್ನಡಿ ಹಿಡ್ಕಂಡು ಅದ್ನ ಮೊಮ್ಮಕ್ಕಳಿಗೆ ತೋರ್ಸಿ, "ಇದು ನನ್ ಅಜ್ಜನ ವಾರಿಗೇದು ಕಣಾ" ಅಂತಿದ್ರು.

ಇಷ್ಟು ಚಂದದ ಕೋವಿಗೆ ಒಂದು ಕೊರತೆ. ಅದು ಕರಿ ಮಸಿ ಕಾಲದ್ದು. ಈಗಿನ ತೋಟಾದಲ್ಲಿ ಹೊಗೆ ಬರ್ದ ಮದ್ದು ಇರಾದು, ಅದ್ರ ಒತ್ತಡ ಜಾಸ್ತಿ. ಹೊಸೆದು ಬೆಸೆದ ನಳಿಗೆ ಒಳಗೊಳಗೇ ತುಕ್ಕು ಹಿಡ್ದು ಎಲ್ಲಾದ್ರೂ ಬೆಸುಗೆ ಸಡಿಲ ಆಗಿದ್ರೆ ಹೊಡೆಯೋನ ಎಡಗೈ ಹೋಗ್ತದೆ. ಮಾವಯ್ಯ ಮೊದಮೊದ್ಲು ಹಿತ್ತಾಳೆ ತೋಟಾಕ್ಕೆ ಮನೇಲೇ ಕರಿ ಮಸಿ ತುಂಬಿ ಹೊಡೀತಿದ್ರು. ಆಮೇಲೆ ಅದೂ ಬಿಟ್ರು. ಹೆಚ್ಚುಕಮ್ಮಿ ಐವತ್ತು ವರ್ಷ ಆ ಕೋವಿ ಒಂದು ಈಡೂ ಹೊಡೀದೆ ಗೋಡೆ ಮೇಲಿತ್ತು. ಆದ್ರೂ ಮೂರರಲ್ಲಿ ಅವ್ರಿಗೆ ಅದ್ರ ಮೇಲೇ ಪ್ರೀತಿ.

ಮೂರ್ನೇದು ನಮ್ಮ ದೇಶದ್ದೇ ಆರ್ಡ್‌ನೆನ್ಸ್ ಫ್ಯಾಕ್ಟ್ರಿ ಒಂಟಿ ನಳಿಗೆ, ಅದೂ ಹನ್ನೆರಡು ಬೋರು. 1971ರಲ್ಲಿ ತಗಂಡಿದ್ದು. ಅದ್ಕೆ ಅಂದ ಚಂದ ಎಂತದೂ ಇಲ್ಲ. ಮಿಕ್ಸಿ ಹಂಗೆ, ಕೆಲ್ಸಕ್ಕೆ ಉಂಟು.

ಇನ್ನು ಬೇಟೆ ವಿಷ್ಯ. ಆಗಿನ ಕಾಲದಲ್ಲಿ ಅದು ಒಬ್ರ ಆಟ ಅಲ್ಲ, ಊರಿನ ಕೆಲ್ಸ. ಗದ್ದೆ ಕುಯ್ಲು ಮುಗ್ದ ಮೇಲೆ ನಾಲ್ಕೈದು ಮನೆ ಗಂಡಸ್ರು, ನಾಯಿಗಳು, ಕೆಲಸದೋರು ಎಲ್ಲ ಸೇರಿ ಹೊರಡೋರು. ಕೋವಿ ಇದ್ದೋರು ಪ್ರಾಣಿ ದಾಟೋ ಕಂಡಿಗಳಲ್ಲಿ ಬಿಲ್ಲಿಗೆ ಕೂರಾದು. ಬಾಕಿಯೋರು ಎದುರುಗಡೆಯಿಂದ ಕೂಗ್ತಾ, ಡಬ್ಬ ಬಡೀತಾ ಕಾಡು ಸೋವಾದು. ಒಬ್ಬೊಬ್ರೇ ಹೋಗಾದು ಮರಸಿಗೆ. ಹಣ್ಣು ಉದುರೋ ಮರದ ಮೇಲೆ ಅಟ್ಟಣೆ ಕಟ್ಕಂಡು ರಾತ್ರಿ ಉಸಿರು ಬಿಗಿ ಹಿಡ್ದು ಕೂರಾದು. ಕೆಮ್ಮಂಗಿಲ್ಲ, ಬೀಡಿ ಇಲ್ಲ, ಸೊಳ್ಳೆ ಕಚ್ಚಿದ್ರೆ ಹೊಡ್ಕಳಂಗಿಲ್ಲ. ಕುವೆಂಪು ಅವ್ರ ಮಲೆನಾಡಿನ ಚಿತ್ರಗಳು ಓದಿದೋರಿಗೆ ಈ ಶಿಕಾರಿ ಗಡಿಬಿಡಿ ಎಲ್ಲ ಗೊತ್ತಿರ್ತದೆ. ನಮ್ಮ ತೀರ್ಥಳ್ಳಿ, ಕೊಪ್ಪದ ಕಡೆ ಮನೆಗಳಲ್ಲಿ ಅದು ಕಥೆ ಆಗಿರ್ಲಿಲ್ಲ, ದಿನಚರಿ ಆಗಿತ್ತು.

ಬಿದ್ದ ಹಂದಿ ಪಾಲು ಮಾಡಾದ್ರಲ್ಲಿ ನ್ಯಾಯ ಇತ್ತು ಅಂತ ಅತ್ತೆಮ್ಮ ಹೇಳೋರು. ಹೊಡ್ದೋನಿಗೆ ಒಂದು ಪಾಲು ಹೆಚ್ಚು, ಸೋವಿದೋರಿಗೆಲ್ಲ ಸಮ, ನಾಯಿಗೂ ಪಾಲು. ಗಂಡಸಿಲ್ಲದ ಮನೆಗೂ ಒಂದು ಪಾಲು ಹೋಗ್ತಿತ್ತು. ಆಮೇಲೆ ಹೆಂಗಸ್ರ ಕೆಲ್ಸ ಶುರು. ಕೊಯ್ದು, ತೊಳ್ದು, ಉಪ್ಪಾಗೆ ಹುಳಿ ಹಾಕಿ ಬೇಯ್ಸಿ, ಕಡುಬಿಗೆ ಅಕ್ಕಿ ಬೀಸಿ, ಉಳಿದಿದ್ದಕ್ಕೆ ಉಪ್ಪು ಹಚ್ಚಿ ಒಲೆ ಮೇಲಿನ ಅಟ್ಟಕ್ಕೆ ಕಟ್ಟಿ. ಗಂಡಸ್ರು ಜಗಲೀಲಿ ಕುತ್ಕಂಡು "ನನ್ ಈಡೇ ತಾಗಿದ್ದು, ನಿಂದಲ್ಲ" ಅಂತ ಜಗಳ ಆಡ್ತಿದ್ರೆ ಒಳಗೆ ಇವ್ರು ಮೂರು ಗಂಟೆ ರಾತ್ರೀಲಿ ಬಾಣಲೆ ತಿರುವ್ತಾ ಇರೋರು. ಬೇಟೆ ಕಥೇಲಿ ಹೆಂಗಸ್ರು ಬರಾದೇ ಇಲ್ಲ ನೋಡಿ. ಆದ್ರೆ ಕಾದಿದ್ದು ಅವ್ರು. ಕಾಡಲ್ಲಿ ಢಂ ಅಂತ ಕೇಳ್ತು ಅಂದ್ರೆ ಅತ್ತೆಮ್ಮ ಬಾಯಲ್ಲಿ ಎಣಿಸೋರಂತೆ. ಒಂದು ಈಡಾಗಿ ಸುಮ್ಮನಾದ್ರೆ ಸರಿ. ಈಡಾದ ಮೇಲೆ ಕೂಗಾಟ ಕೇಳ್ತು, ನಾಯಿ ಬೊಗಳಾದು ನಿಂತ್ತು ಅಂದ್ರೆ ಎದೆ ಹಿಡ್ಕಳಾದು.

1964ರಲ್ಲಿ ಹಂಗೇ ಆಯ್ತು. ಈಡು ಕೇಳ್ತು, ನಾಯಿ ಸುಮ್ಮನಾದ್ವು. ಆಮೇಲೆ ಕಂಬಳೀಲಿ ಹೊತ್ಕಂಡು ಬಂದಿದ್ದು ಚಿಕ್ಕಮಾವಯ್ಯನ್ನ. ಬಯಲುಸೀಮೆಯಿಂದ ಬಂದಿದ್ದ ನೆಂಟ ಒಬ್ರು ಹಳು ಅಲ್ಲಾಡಿದ್ದು ನೋಡಿ ಹಂದಿ ಅಂತ ಹೊಡ್ದಿದ್ರು. ಕೈಲಿದ್ದಿದ್ದು ನಮ್ಮ ಮನೆ ಇಂಗ್ಲೀಷ್ ಕೋವೀನೇ. ನೆಂಟ್ರಿಗೆ ಒಳ್ಳೇದು ಕೊಡ್ಬೇಕು ಅಂತ ಮಾವಯ್ಯ ಅವತ್ತು ತಾನು ಕೇಪಿನ ಕೋವಿ ಹಿಡ್ದು, ಅದ್ನ ಅವ್ರಿಗೆ ಕೊಟ್ಟಿದ್ರು. ಪುಣ್ಯಕ್ಕೆ ದೂರ ಇತ್ತು, ಚರೆ ಹರಡಿತ್ತು. ಜೀವ ಉಳೀತು. ಚಿಕ್ಕತ್ತೆ ಆಗ ಆರು ತಿಂಗಳ ಬಸುರಿ. ಮೂರು ತಿಂಗಳು ಗಾಯ ತೊಳ್ದಿದ್ದು ಅವ್ರು. ಮೂರು ಚರೆ ತೊಡೆ ಒಳಗೇ ಉಳ್ಕಂಡ್ವು. ಎಷ್ಟೋ ವರ್ಷ ಆದ ಮೇಲೆ ಮಂಡಿ ನೋವಿಗೆ ಎಕ್ಸ್‌ರೇ ತೆಗ್ಸಿದಾಗ ಬೆಳ್ಳಗೆ ಮೂರು ಚುಕ್ಕಿ ಕಂಡ್ವು. ನಾನೇ ನೋಡಿದೀನಿ. ಡಾಕ್ಟ್ರು ಗಾಬರಿ ಆಗಿ ಕೇಳಿದ್ರೆ ಚಿಕ್ಕಮಾವಯ್ಯ ನಗ್ತಾ, "ಅದು ನಮ್ಮಣ್ಣನ ಮನೆ ಪಾಲು" ಅಂದ್ರು. ಚಿಕ್ಕತ್ತೆ ನಗ್ಲಿಲ್ಲ.

ಅದಾದ ಮೇಲೆ ಮಾವಯ್ಯ ಗುಂಪು ಶಿಕಾರಿಗೆ ಹೋಗಾದು ಕಡ್ಮೆ ಮಾಡಿದ್ರು. ಪೂರ್ತಿ ಬಿಟ್ಟಿದ್ದು ಕಾನೂನು ಬಂದ ಮೇಲೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಆಗಲೂ ಕೆಲವು ಪ್ರಾಣಿಗೆ ಲೈಸೆನ್ಸ್ ತಗಂಡು ಬೇಟೆ ಆಡೋ ದಾರಿ ಇತ್ತು, 1991ರ ತಿದ್ದುಪಡೀಲಿ ಅದೂ ಮುಚ್ಚಿಹೋಯ್ತು. ಆಮೇಲೆ ಶಿಕಾರಿ ಅಂದ್ರೆ ಕಳ್ಳತನವೇ. ಮೇಲಿನ ಪಟ್ಟೀಲಿರೋ ಪ್ರಾಣಿ ಹೊಡ್ದ್ರೆ 3ರಿಂದ 7 ವರ್ಷ ಜೈಲು. ಹೋಗೋರು ಹೋಗ್ತಾನೇ ಇದ್ರು, ಅದೂ ನಿಮ್ಗೆಲ್ಲ ಗೊತ್ತಿರೋದೇ, ಹೆಸ್ರು ಬ್ಯಾಡ. ಮಾವಯ್ಯ ಹೋಗ್ಲಿಲ್ಲ. ಹೆದರಿ ಬಿಟ್ರಾ ಅಂತ ಒಂದ್ಸಲ ಇವ್ರು ಕೇಳಿದ್ದಕ್ಕೆ ಹೇಳಿದ್ರು, "ಹೆದರಿಕೆ ಒಂದೇ ಅಲ್ಲ. ನಾ ಹುಡುಗ ಇದ್ದಾಗ ಕಾಡುಕೋಳಿ ಕೂಗಿಗೆ ಬೆಳಗಾಗ್ತಿತ್ತು. ಒಂದು ವರ್ಷ ಬ್ಯಾಸ್ಗೇಲಿ ಹದಿನೈದು ದಿನ ಮರಸು ಕೂತೆ. ಎಂತದೂ ಬರ್ಲಿಲ್ಲ. ನಾವೇ ತಿಂದು ಮುಗ್ಸಿದೀವಿ ಅಂತ ಆ ಮರದ ಮೇಲೆ ಕೂತಾಗ ಗೊತ್ತಾಯ್ತು." ಆಮೇಲೆ ಅವ್ರ ಶಿಕಾರಿ ಎಲ್ಲ ಪುಸ್ತಕದಲ್ಲಿ. ಕೆನೆತ್ ಆಂಡರ್ಸನ್ ಕಥೆಗಳನ್ನ ತೇಜಸ್ವಿಯವ್ರು ಕಾಡಿನ ಕಥೆಗಳು ಅಂತ ಕನ್ನಡಕ್ಕೆ ತಂದಿದಾರಲ್ಲ, ಅವು ನಾಲ್ಕೂ ಪುಸ್ತಕ ರಟ್ಟು ಕಿತ್ತು ಹೋಗೋ ತಂಕ ಓದಿದ್ರು.

ಆದ್ರೆ ಕೋವಿ ಸಾಕಾದು ನಿಲ್ಲಲಿಲ್ಲ. ಸಾಕಾದು ಅಂತ ಬೇಕಂತ್ಲೇ ಬರ್ದೆ, ಎಮ್ಮೆ ಸಾಕಿದಂಗೇ ಅದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಂದ್ಸಲ ಬಿಚ್ಚಾದು. ಜೋಡಿ ನಳಿಗೇದು ಮೂರು ತುಂಡಾಗಿ ಬಿಚ್ಕಳ್ತದೆ, ನಳಿಗೆ ಬೇರೆ, ಹಿಡಿ ಬೇರೆ, ಮುಂದಿನ ಮರ ಬೇರೆ. ಹಳೇ ವಾಯಿಲ್ ಸೀರೆ ತುಂಡು ಮಾಡಿ ಕೊಡಾದು ನನ್ ಕೆಲ್ಸ. ಪಾಲಿಯೆಸ್ಟರ್ ಆಗಾದಿಲ್ಲ, ನೀರು ಕುಡಿಯಾದಿಲ್ಲ ಅದು. ನಳಿಗೆ ಒಳಗೆ ತೆಳ್ಳಗೆ ಎಣ್ಣೆ ಸವರಿ, ಬಾಯಿ ಕೆಳಗೆ ಮಾಡಿ ನಿಲ್ಸಾದು, ಹೆಚ್ಚಾದ ಎಣ್ಣೆ ಹಿಡಿಯ ಮರಕ್ಕೆ ಇಳಿದ್ರೆ ಮರ ಮೆತ್ತಗಾಗ್ತದೆ ಅಂತ. ಹಿಂದೆ ತೋಟಾ ಎಲ್ಲ ಕಾಗದದ್ದು ಬರ್ತಿತ್ತು, ಥಂಡಿಗೆ ಊದ್ಕಂಡು ನಳಿಗೆಗೇ ಹೋಗ್ತಿರ್ಲಿಲ್ಲ. ಅದ್ಕೆ ಅವ್ನ ಹೊಗೆ ಅಟ್ಟದ ಹತ್ರ ಇಟ್ಟಿರ್ತಿದ್ರಂತೆ. ಕೇಳಿದ್ರೆ ನಂಗೆ ಮೈ ಜುಂ ಅಂತದೆ. ಅತ್ತೆಮ್ಮನೇ ಅದ್ನ ಬಿಡ್ಸಿದ್ದು. ಅವ್ರ ಕಾನೂನು ಸರ್ಕಾರದ ಕಾನೂನಿಗಿಂತ ಬಿಗಿ. ಕೋವಿ ಜಗಲೀಲಿ, ತೋಟಾ ಒಳಗಿನ ಕಬ್ಬಿಣದ ಪೆಟ್ಗೇಲಿ, ಬೀಗದ ಕೈ ಅವ್ರ ಸೊಂಟದಲ್ಲಿ. ಮಾವಯ್ಯಂಗೂ ಕೇಳಿ ತಗಳ್ಬೇಕು. ಯಾರಾದ್ರೂ ಕುಡ್ದಿದ್ರೆ, ಮನೇಲಿ ಜಗಳ ಆಗಿದ್ರೆ ಕೈ ಸಿಗ್ತಿರ್ಲಿಲ್ಲ, ಹಂದಿ ಗದ್ದೇಲೇ ಇದ್ರೂ ಸರಿ. ಈ ಮನೇಲಿ ಅಷ್ಟು ವರ್ಷ ಕೋವಿ ಇದ್ದೂ ಮನೆ ಒಳಗೆ ಒಂದು ಅನಾಹುತ ಆಗ್ಲಿಲ್ಲ ಅಂದ್ರೆ ಅದು ಆ ಬೀಗದ ಕೈಯಿಂದ.

ಎಲೆಕ್ಷನ್ ಬಂತು ಅಂದ್ರೆ ಇನ್ನೊಂದು ಕಥೆ. ಲೋಕಸಭೆ, ವಿಧಾನಸಭೆ, ಪಂಚಾಯ್ತಿ, ಯಾವ್ದೇ ಬರ್ಲಿ, ಕೋವಿ ಎಲ್ಲ ಸ್ಟೇಷನ್ನಿಗೆ ಒಪ್ಪಿಸಿ ರಶೀದಿ ತರ್ಬೇಕು. ಮುಗ್ದ ಮೇಲೆ ಬಿಡ್ಸ್ಕಂಡು ಬರ್ಬೇಕು. ಮಾವಯ್ಯ ಕಂಬಳೀಲಿ ಸುತ್ತಿ, ಜೀಪಲ್ಲಿ ತೊಡೆ ಮೇಲೆ ಮಲಗ್ಸ್ಕಂಡು ಹೋಗೋರು, ಬಾಣಂತೀನ ಕರ್ಕಂಡು ಹೋದಂಗೆ. ವಾಪಸ್ ಬಂದಾಗ ಮೊದ್ಲು ನಳಿಗೆ ಬಗ್ಗಿಸಿ ಬೆಳಕಿಗೆ ಹಿಡ್ದು ನೋಡೋರು. ತುಕ್ಕಿನ ಚುಕ್ಕಿ ಕಂಡ್ರೆ ಅವತ್ತು ಊಟ ಸೇರ್ತಿರ್ಲಿಲ್ಲ. ನಕ್ಸಲರ ಭಯ ಇದ್ದ ವರ್ಷಗಳಲ್ಲಂತೂ ಕೋವಿ ಇರೋ ಮನೆಯೋರಿಗೆ ರಾತ್ರಿ ನಾಯಿ ಬೊಗಳಿದ್ರೆ ನಿದ್ದೆ ಇಲ್ಲ. ರಕ್ಷಣೆಗೆ ಅಂತ ಇಟ್ಟಿದ್ದೇ ಹೆದರಿಕೆಗೆ ಕಾರಣ ಆಗಿತ್ತು.

ಮಗಳ ಹಾಸ್ಟೆಲ್ ಗೆಳತಿ ಒಬ್ಳು ಕೊಡವರ ಹುಡುಗಿ. ಒಂದು ವರ್ಷ ಅವ್ರ ಮನೆಗೆ ಕೈಲ್ ಪೊಳ್ದ್ ಹಬ್ಬಕ್ಕೆ ಹೋಗಿದ್ವಿ. ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ ಮಾಡ್ತಾರೆ, ನಾಟಿ ಕೆಲ್ಸ ಮುಗ್ದ ಮೇಲೆ. ಕೈಲ್ ಅಂದ್ರೆ ಆಯುಧ. ಕೋವಿ, ಕತ್ತಿ ಎಲ್ಲ ತೊಳ್ದು ದೇವ್ರ ಮುಂದೆ ಇಟ್ಟು, ಕೋವಿ ಬಾಯಿಗೆ ತೋಕ್ ಪೂ ಸಿಕ್ಕಿಸ್ತಾರೆ. ನೋಡಿದ್ರೆ ಅದು ನಮ್ಮ ಬೇಲಿ ಮೇಲಿನ ಗೌರಿ ಹೂವೇ! ಕೆಂಪು ಹಳದಿ ಬೆಂಕಿ ನಾಲಗೆ ಹಂಗೆ ಇರೋದು. ಗಡ್ಡೆ ವಿಷ, ಹೂ ಮಾತ್ರ ಪೂಜೆಗೆ. ಕಡಂಬುಟ್ಟು, ಹಂದಿ ಸಾರು ಊಟ ಆದ ಮೇಲೆ ತೆಂಗಿನಕಾಯಿಗೆ ಗುರಿ ಹೊಡ್ಯಾ ಸ್ಪರ್ಧೆ. ಆ ಹುಡುಗಿ ಅಜ್ಜಿ ಸೀರೆ ಹಿಂದೆ ನೆರಿಗೆ ಹಾಕಿ ಉಟ್ಟೋರು, ಕೋವಿ ಎತ್ತಿ ನೋಡಿದ ರೀತಿ ನೋಡೇ ಗೊತ್ತಾಯ್ತು, ಇವ್ರಿಗೆ ಇದು ಸೌಟಿನಷ್ಟೇ ಸಲೀಸು ಅಂತ. ಅಲ್ಲಿ ಗಂಡು ಹುಟ್ಟಿದ್ರೆ ಒಂದು ಈಡು, ಸಾವಾದ್ರೆ ಎರಡು ಈಡು ಹೊಡ್ಯಾ ಪದ್ಧತಿ. ಕೊಡವರಿಗೂ ಅಲ್ಲಿಯ ಜಮ್ಮಾ ಭೂಮಿ ಇರೋರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯ್ತಿ ಉಂಟು. 2019ರಲ್ಲಿ ಅದ್ನ ಇನ್ನೂ ಹತ್ತು ವರ್ಷಕ್ಕೆ ಮುಂದುವರ್ಸಿದ್ರು. ಮಾವಯ್ಯಂಗೆ ಹೇಳಿದಾಗ, "ಅವ್ರಿಗೆ ಅದು ಕುಲದೇವ್ರು. ನಮ್ಗೆ ಚಟ" ಅಂದ್ರು. ಅಷ್ಟು ನೇರವಾಗಿ ಹೇಳ್ತಾರೆ ಅಂತ ನಾ ಅಂದ್ಕಂಡಿರ್ಲಿಲ್ಲ.

ಅದೇ 2019ರ ಡಿಸೆಂಬರಲ್ಲಿ ಕೋವಿ ಕಾನೂನು ತಿದ್ದುಪಡಿ ಆಯ್ತು. ಒಬ್ರ ಹತ್ರ ಮೂರು ಕೋವಿ ಇರಬೌದಿತ್ತು, ಅದ್ನ ಎರಡಕ್ಕೆ ಇಳ್ಸಿದ್ರು. ಮೂರ್ನೇದನ್ನ ಒಂದು ವರ್ಷದೊಳಗೆ ಸ್ಟೇಷನ್ನಿಗೋ ಲೈಸೆನ್ಸ್ ಇರೋ ಅಂಗ್ಡಿಗೋ ಒಪ್ಪಿಸ್ಬೇಕು. ಮಾವಯ್ಯಂಗೆ ಆಗ 86. ಅತ್ತೆಮ್ಮ ತೀರ್ಕಂಡು ಮೂರು ವರ್ಷ ಆಗಿತ್ತು. ಒಂದು ದಿನ ಮೂರೂ ಕೋವಿ ಇಳ್ಸಿ ಚಾಪೆ ಮೇಲೆ ಮಲಗ್ಸಿ ಮನೆಯೋರನ್ನೆಲ್ಲ ಕರೆದ್ರು. ಚಿಕ್ಕತ್ತೇನೂ ಬಂದಿದ್ರು. ಇವ್ರು ಕೇಪಿನ ಕೋವಿ ಕೊಡಾನ ಅಂದ್ರು, ಅದ್ಕೆ ಮಸಿ ಕೇಪು ಎಲ್ಲಿ ಸಿಗ್ತದೆ ಈಗ ಅಂತ. ಮಗ ಫೋನಲ್ಲಿ, ಇಂಗ್ಲೀಷ್ ಕೋವಿ ಬಿಡ್ಬೇಡಿ, ಹೊರದೇಶದಿಂದ ತರ್ಸಾದು ನಿಂತು ಎಷ್ಟು ವರ್ಷ ಆಯ್ತು, ಇನ್ನು ಸಿಗಾದಿಲ್ಲ ಅಂದ. ಚಿಕ್ಕತ್ತೆ ಒಂದೇ ಮಾತು. "ಮೂರನ್ನೂ ಕೊಡಿ ಭಾವಯ್ಯ."

ಯಾರೂ ಮಾತಾಡ್ಲಿಲ್ಲ. ಆ ಮಾತು ಹೇಳಾಕೆ ಆ ಮನೇಲಿ ಅವ್ರಿಗಿಂತ ಹೆಚ್ಚು ಹಕ್ಕು ಯಾರಿಗಿತ್ತು? ಮಾವಯ್ಯ ಸುಮಾರು ಹೊತ್ತು ಇಂಗ್ಲೀಷ್ ಕೋವಿ ಸವರ್ತಾ ಕೂತಿದ್ರು. ಆಮೇಲೆ ಹೇಳಿದ್ರು. "ಕೇಪಿಂದು ಅಪ್ಪಯ್ಯ ಕೊಟ್ಟಿದ್ದು, ಅದ್ನ ಬಿಡಾಕೆ ನಾನು ಯಾರು. ಒಂಟಿ ನಳಿಗೇದು ಗದ್ದೆ ಕಾಯಾಕೆ ಬೇಕು. ಇದು ನಾನು ಆಸೆಗೆ ತಗಂಡಿದ್ದು. ಬಿಡಾದಾದ್ರೆ ಆಸೆಗೆ ತಗಂಡಿದ್ದನ್ನೇ ಬಿಡ್ಬೇಕು." ಚಿಕ್ಕತ್ತೆ ಕಡೆ ನೋಡಿ, "ಇದೇ ಅಲ್ವಾ ಅವತ್ತಿಂದು" ಅಂದ್ರು. ಐವತ್ತಾರು ವರ್ಷದಲ್ಲಿ ಆ ಮಾತು ಅವ್ರು ಎತ್ತಿದ್ದು ಅದೇ ಮೊದ್ಲು ಅಂತ ಚಿಕ್ಕತ್ತೆ ಆಮೇಲೆ ನಂಗೆ ಅಡಿಗೆ ಮನೇಲಿ ಹೇಳಿದ್ರು. ಹೇಳ್ತಾ ಸೆರಗಲ್ಲಿ ಕಣ್ಣು ಒರ್ಸ್ಕಂಡ್ರು.

ಕೊರೋನಾ ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ ಶಿವಮೊಗ್ಗದ ಒಂದು ಅಂಗ್ಡಿಗೆ ಕೊಟ್ಟು ಬಂದ್ವಿ. ದುಡ್ಡಿನ ಬಗ್ಗೆ ಮಾತಾಡೋರಿಗೆ ಹೇಳ್ತೀನಿ, ಬಂದಿದ್ರಲ್ಲಿ ಹೋಗಿ ಬರಾ ಬಾಡಿಗೆ ಕಳೆದು ಒಂದು ಒಳ್ಳೇ ಕುಕ್ಕರ್ ಬರ್ತಿತ್ತು. ಹೊಡ್ಯಾಕೆ ಬರ್ದ ಕೋವಿ ಯಾರಿಗೆ ಬೇಕು. ಕೊಡೋ ಹಿಂದಿನ ದಿನ ಮಾವಯ್ಯ ಅದ್ನ ಬಿಚ್ಚಿ, ನಾನು ಕೊಟ್ಟ ಸೀರೆ ತುಂಡಲ್ಲಿ ಒರ್ಸಿ, ಎಣ್ಣೆ ಹಾಕಿ ಜೋಡ್ಸಿದ್ರು. ಅಂಗ್ಡಿಯೋನು ಅದ್ನ ಒಂದ್ಸಲ ನೋಡಿ ಮೂಲೇಲಿ ಒರಗ್ಸಿದ. ಮಾವಯ್ಯ ದಾರಿ ಪೂರ್ತಿ ಮಾತಾಡ್ಲಿಲ್ಲ.

2022ರಲ್ಲಿ ಮಾವಯ್ಯ ಹೋದ್ರು. ಹದಿನೊಂದನೇ ದಿನ ಮುಗ್ಸಿ, ಉಳ್ದ ಎರಡು ಕೋವಿ ಸ್ಟೇಷನ್ನಿಗೆ ಒಪ್ಪಿಸಿದ್ವಿ. ಲೈಸೆನ್ಸ್ ಇದ್ದೋರು ತೀರ್ಕಂಡ ಮೇಲೆ ಮನೇಲಿ ಇಟ್ಕಳಾಕೆ ಆಗಾದಿಲ್ಲ. ವಾರಸುದಾರ ಒಬ್ರು ಅರ್ಜಿ ಹಾಕ್ಬೇಕು, ಬಾಕಿ ವಾರಸುದಾರ್ರೆಲ್ಲ ತಕರಾರು ಇಲ್ಲ ಅಂತ ಸಹಿ ಹಾಕ್ಬೇಕು. ಯಾರು ಹಾಕಾದು? ಇವ್ರಿಗೆ ಸಕ್ಕರೆ ಕಾಯಿಲೇಲಿ ಕಣ್ಣು ಮಂಜು. ಮೈದುನಂಗೆ ಬೇಡ. ಮಗ ಬೆಂಗ್ಳೂರಲ್ಲಿ, ಅಪಾರ್ಟ್‌ಮೆಂಟಲ್ಲಿ ಕೋವಿ ಇಟ್ಕಂಡು ಎಂತ ಮಾಡ್ಲಿ ಅಂದ. ಸರ್ಕಾರಕ್ಕೆ ಬಿಟ್ಟು ಬಿಡಾನ ಅಂತ್ಲೇ ಮಾತಾಯ್ತು. ಆ ವರ್ಷ ಭತ್ತ ಹಾಲು ತುಂಬೋ ಹೊತ್ತಿಗೆ ಹಂದಿ ಹಿಂಡು ಎರಡು ರಾತ್ರೀಲಿ ಮುಕ್ಕಾಲು ಎಕ್ರೆ ಉತ್ತು ಹಾಕ್ತು. ಮಂಗ ಏಲಕ್ಕಿ ಬುಡ ಕಿತ್ತು ಹಾಕಿದ್ವು. ಪಟಾಕಿಗೆ ಅವು ಈಗ ಕಿವಿಯನ್ನೂ ಅಲ್ಲಾಡ್ಸಾದಿಲ್ಲ. ಕೋವಿ ಸದ್ದಿಗೆ ಮಾತ್ರ ಇನ್ನೂ ಮರ್ಯಾದೆ ಉಂಟು. ಆಗ ನಾನು ಹೇಳ್ದೆ, ನನ್ ಹೆಸ್ರಿಗೆ ಹಾಕಿ ಅಂತ.

ಎಲ್ರೂ ನಕ್ರು. ನಾದಿನಿಯರೇ, ನೀವೂ ನಕ್ಕೋರೇ, ಆದ್ರೂ ಸಹಿ ಹಾಕಿ ಕಳ್ಸಿದ್ರಿ, ಅದನ್ನ ಮರೆಯಾದಿಲ್ಲ. ಈಗಿನ ನಿಯಮದಲ್ಲಿ ಕೋವಿ ಹಿಡ್ಯಾ ತರಬೇತಿ ಸರ್ಟಿಫಿಕೇಟು ಬೇಕು. ಹೋದೆ. ಅಲ್ಲಿ ಇಪ್ಪತ್ತು ಗಂಡಸ್ರ ಮಧ್ಯೆ ನಾನೊಬ್ಳೇ ಸೀರೆ. ಹೆಗಲಿಗೆ ಬಿಗಿಯಾಗಿ ಒತ್ತಿ ಹಿಡಿದಷ್ಟೂ ಪೆಟ್ಟು ಕಡ್ಮೆ, ಸಡಿಲ ಹಿಡ್ದ್ರೆ ಒದೀತದೆ. ಬೆರಳು ಟ್ರಿಗರ್ ಮೇಲೆ ಇಡಾದು ಹೊಡ್ಯಾ ಹೊತ್ತಿಗೆ ಮಾತ್ರ. ಕೋವಿ ಖಾಲಿ ಇದೆ ಅಂತ ಗೊತ್ತಿದ್ರೂ ಯಾರ ಕಡೆಗೂ ತಿರುಗ್ಸಾದಲ್ಲ. ಏನು ಅಂತ ಕಣ್ಣಿಗೆ ಪೂರ್ತಿ ಕಾಣಾ ತಂಕ ಹೊಡ್ಯಾದಲ್ಲ. ಕೊನೇದು ಹೇಳುವಾಗ ನಂಗೆ ಚಿಕ್ಕಮಾವಯ್ಯನ ಎಕ್ಸ್‌ರೇ ಕಣ್ಣ ಮುಂದೆ ಬಂತು. ವೆರಿಫಿಕೇಷನ್ನು, ಓಡಾಟ ಎಲ್ಲ ಸೇರಿ ವರ್ಷದ ಮೇಲಾಯ್ತು. ಈಗ ಲೈಸೆನ್ಸ್ ಪುಸ್ತಕದಲ್ಲಿ ನನ್ ಫೋಟೋ, ಎರಡೂ ಕೋವಿ ನನ್ ಹೆಸ್ರಲ್ಲಿ. ಇಷ್ಟೇ ನಿಜವಾದ ಸುದ್ದಿ.

ನಾನು ಒಂದು ಪ್ರಾಣೀನೂ ಹೊಡ್ದಿಲ್ಲ, ಹೊಡ್ಯಾದೂ ಇಲ್ಲ. ಕಾನೂನೂ ಬಿಡಾದಿಲ್ಲ, ಮನಸ್ಸೂ ಬಿಡಾದಿಲ್ಲ. ಭತ್ತದ ಕಾಲದಲ್ಲಿ ರಾತ್ರಿ ಅಂಗಳದ ಅಂಚಿಗೆ ನಿಂತು, ಆಳುಗಳೆಲ್ಲ ಮನೆ ಹತ್ರ ಇದಾರೆ ಅಂತ ಹೆಸ್ರು ಹಿಡ್ದು ಕೂಗಿ ಎಣ್ಸಿ, ಆಮೇಲೆ ಗುಡ್ಡದ ಮೇಲಿನ ಆಕಾಶಕ್ಕೆ ಒಂದು ಈಡು. ಹಂದಿ ಪೊದೆ ಮುರ್ಕಂಡು ಓಡಾ ಸದ್ದು ಕೇಳ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಬರ್ತವೆ. ಬರ್ಲಿ, ಅವ್ಕೂ ಹೊಟ್ಟೆ ಉಂಟು. ಇವ್ರು ಮಾತ್ರ ಪ್ರತಿ ಸ್ಸಲ, "ಅಪ್ಪಯ್ಯ ಇದ್ದಿದ್ರೆ ನಿನ್ ಕಾಲು ನಿಲ್ಸೋ ರೀತಿ ಸರಿ ಇಲ್ಲ ಅಂತಿದ್ರು" ಅಂತಾರೆ.

ಚಿಕ್ಕತ್ತೆ ನಾನು ಲೈಸೆನ್ಸ್ ತಗಂಡೆ ಅಂತ ಒಂದು ತಿಂಗಳು ನನ್ ಹತ್ರ ಮಾತು ಬಿಟ್ಟಿದ್ರು. ಆಮೇಲೆ ಒಂದು ದಿನ ಹಲಸಿನ ಹಪ್ಪಳ ಹಿಡ್ಕಂಡು ಬಂದ್ರು. ಕೋವಿ ಕಡೆ ನೋಡ್ಲಿಲ್ಲ. ಹೊರಡುವಾಗ ಮೆಟ್ಟಿಲ ಹತ್ರ ನಿಂತು, "ತೋಟಾ ಪೆಟ್ಗೆ ಕೈ ಎಲ್ಲಿಟ್ಟಿದೀಯೆ?" ಅಂದ್ರು. ಸೊಂಟ ಮುಟ್ಟಿ ತೋರ್ಸ್ದೆ. ತಲೆ ಅಲ್ಲಾಡ್ಸಿ ಹೋದ್ರು.

ಲೈಸೆನ್ಸ್ ಐದು ವರ್ಷಕ್ಕೆ. ಆಮೇಲೆ ಮುಂದುವರ್ಸಾದೋ ಬಿಡಾದೋ ಆಗ ನೋಡಾದು. ನನ್ ನಂತ್ರ ಯಾರೂ ತಗಳಾದಿಲ್ಲ ಅಂತ ಗೊತ್ತು, ಅದ್ಕೆ ನಂಗೆ ಬೇಜಾರೂ ಇಲ್ಲ. ಅಲ್ಲೀವರೆಗೆ ತುಕ್ಕು ಹಿಡೀದಂಗೆ ನೋಡ್ಕಂಡ್ರೆ ಸಾಕು. ಜೂನ್ ಬಂತು, ಮಳೆ ಹಿಡ್ಕಂಡಿದೆ, ಹದಿನೈದು ದಿನಕ್ಕೊಂದ್ಸಲ ಒರ್ಸಬೇಕು. ಯಾರ ಹತ್ರನಾದ್ರೂ ಉಟ್ಟು ಮೆತ್ತಗಾದ ಹತ್ತಿ ಸೀರೆ ಇದ್ರೆ ಎಸೀಬೇಡಿ, ಬಸ್ಸಲ್ಲಿ ಕೊಟ್ಟು ಕಳ್ಸಿ. ನನ್ ವಾಯಿಲ್ ಸೀರೆ ಎಲ್ಲ ಮುಗ್ದಿವೆ.